ಉಳಿಸಿದ ಯೂನಿಟ್ಟುಗಳು

ನನ್ನ ಕೈ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಕಣ್ಣಿಗೆ ಬೀಳುವುದು ಸ್ವಿಚ್ ಬೋರ್ಡು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಮೈಯೆಲ್ಲ ಉರಿಯುತ್ತದೆ. ಒಮ್ಮೆ ಬಂಗಾರಪೇಟೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದವಳು, ಹಾಡಹಗಲಲ್ಲಿ ಉರಿಯುತ್ತಿದ್ದ ಸೀರಿಯಲ್ ಸೆಟ್ಟನ್ನು ಆರಿಸಿಬಿಟ್ಟು, ಮನೆಯೊಡತಿಯಿಂದ ಚೆನ್ನಾಗಿ ಅನ್ನಿಸಿಕೊಂಡು ಊಟ ಮಾಡದೆ ಬಂದಿದ್ದೇನೆ. ನಮ್ಮ ಮನೆಯವರು ಹುಬ್ಬಳ್ಳಿ ಕಡೆಯವರು, ಇಲ್ಲಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ. ಮದುವೆಯಾದ ಹೊಸತರಲ್ಲಿ ನನ್ನನ್ನು ನೋಡಿ, "ಬಾಲ ಸುಟ್ಟ ಬೆಕ್ಕಿನಂಗ ತಿರಗತೀಯಲ್ಲ, ಒಂದ ಕಡೆ ಕೂಡಬಾರ್ದೇನ?" ಅಂತಿದ್ದರು. ಈಗ ಏನೂ ಅನ್ನುವುದಿಲ್ಲ. ಬಾತ್‌ರೂಮಿನಿಂದ ಬರುವಾಗ ತಾವೇ ದೀಪ ಆರಿಸಿ, ಆರಿಸಿದ್ದೇನೆ ಅಂತ ಕೂಗಿ ಹೇಳುತ್ತಾರೆ.

ಈ ಚಾಳಿ ನನಗೆ ಬಂದದ್ದು ಅಪ್ಪನಿಂದ. ಅಪ್ಪ ಚಿನ್ನದ ಗಣಿಯವನು. ಮೊದಲು ಮೈಸೂರು ಮೈನ್ಸ್, ಆಮೇಲೆ ಚಾಂಪಿಯನ್ ರೀಫ್ಸ್. ಗಣಿ ಮುಚ್ಚುವವರೆಗೂ ಇಳಿದ, ಹತ್ತಿದ. ಅವನು 'ಒಳಗೆ' ಅಂದರೆ ಮನೆಯೊಳಗೆ ಅಂತ ಅರ್ಥವಲ್ಲ, ಭೂಮಿಯೊಳಗೆ ಅಂತ. ಒಳಗೆ ನಾಲ್ಕು ಜನ ಒಟ್ಟಿಗೆ ನಡೆಯುವಾಗ ಮುಂದಿನವನ ತಲೆಯ ಮೇಲಿನ ಲ್ಯಾಂಪು ಮಾತ್ರ ಉರಿಯಬೇಕಂತೆ. ಉಳಿದ ಮೂವರು ತಮ್ಮದನ್ನು ಆರಿಸಿಕೊಂಡು ಅವನ ಹಿಂದೆ ಹೆಜ್ಜೆ ಹಾಕಬೇಕಂತೆ. ಬ್ಯಾಟರಿ ಯಾವಾಗ ಬೇಕಾಗುತ್ತದೋ ಯಾರು ಕಂಡವರು. ನಮ್ಮ ಮನೆಗೂ ಅದೇ ಕಾನೂನು. ಸಂಜೆಯಾದರೆ ಒಂದೇ ಬಲ್ಬು. ಅಮ್ಮ ಅಡುಗೆ ಮಾಡುವಷ್ಟು ಹೊತ್ತು ನಾನೂ ಅಡುಗೆಮನೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೆ. ಕರೆಂಟು ಗಣಿಯವರದ್ದೇ, ಬಿಲ್ಲು ಅಂತ ಒಂದು ಕಾಗದ ಆ ಮನೆಗೆ ಬಂದ ನೆನಪು ನನಗಿಲ್ಲ. ಆದರೂ ಆರಿಸುತ್ತಿದ್ದೆವು.

ಮುದ್ದೆ ಮುರಿಯುತ್ತ ಅಪ್ಪ ಇನ್ನೊಂದು ವಿಷಯವನ್ನೂ ಹೇಳುತ್ತಿದ್ದ. ಒಳಕ್ಕೆ ಗಾಳಿ ಕಳಿಸುವ ದೊಡ್ಡ ಫ್ಯಾನ್ ಕೆಲವು ಸಲ ನಿಂತುಹೋಗುತ್ತಿತ್ತಂತೆ. ಹೊಸಬರು ಹೆದರಿ ಓಡಾಡಿ ಬೇಗ ಸುಸ್ತಾಗುತ್ತಿದ್ದರಂತೆ. ಹಳಬರು ಮಾತ್ರ ಗೋಡೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದರಂತೆ. ಮಾತಾಡಬಾರದು, ಕೈಕಾಲು ಅಲ್ಲಾಡಿಸಬಾರದು, ಉಸಿರನ್ನು ಸಣ್ಣಗೆ ಎಳೆದು ಸಣ್ಣಗೆ ಬಿಡಬೇಕು. ಅಪ್ಪ ಇದಕ್ಕೆ ಗಾಳಿ ಮಿಗಿಸೋದು ಅನ್ನುತ್ತಿದ್ದ. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಕತೆ ಮುಗಿದ ಮೇಲೆ ಉಸಿರು ಹಿಡಿದು ಕೂತು, ಎಷ್ಟು ಹೊತ್ತು ಕೂರಬಲ್ಲೆ ಅಂತ ಅವನಿಗೆ ತೋರಿಸುತ್ತಿದ್ದೆ.

ಅಮ್ಮ ಹೋಗಿ ಬಹಳ ಕಾಲವಾಯಿತು. ಗಣಿಯವರು ಕೆಲಸಗಾರರಿಗೆ ಸಾಲಾಗಿ ಕಟ್ಟಿಸಿದ ಅದೇ ಲೈನ್ ಮನೆಯಲ್ಲಿ ಈಗ ನಾವು ಮೂವರು, ಅಪ್ಪ, ನಾನು, ನಮ್ಮ ಮನೆಯವರು. ಎರಡು ಕೋಣೆ, ತಗ್ಗಿದ ಸೂರು, ಮೇಲೆ ತಗಡಿನ ಶೀಟು. ಎರಡು ವರ್ಷದ ಹಿಂದೆ ಅಪ್ಪ ನಲ್ಲಿಯಿಂದ ಒಂದು ಬಿಂದಿಗೆ ನೀರು ತರಲು ಮೂರು ಕಡೆ ನಿಲ್ಲುವಂತಾಯಿತು. ಕೋಲಾರದ ಆಸ್ಪತ್ರೆಯಲ್ಲಿ ಎದೆಯ ಫೋಟೋ ತೆಗೆದು, ಕಲ್ಲಿನ ಧೂಳು ಕೂತಿದೆ, ಅದು ಹೋಗುವಂಥದ್ದಲ್ಲ, ದಿನಕ್ಕೆ ಹದಿನಾರು ಗಂಟೆ ಆಮ್ಲಜನಕ ಬೇಕು ಅಂದರು. ಸಿಲಿಂಡರ್ ಅಲ್ಲ, ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಮಿಷಿನ್ನು. ಬಂಗಾರಪೇಟೆಯ ಒಂದು ಅಂಗಡಿಯಲ್ಲಿ ಬಾಡಿಗೆಗೆ ಸಿಕ್ಕಿತು. ಮೊಣಕಾಲೆತ್ತರದ ಪೆಟ್ಟಿಗೆ, ಅದರಿಂದ ಒಂದು ಉದ್ದ ಕೊಳವೆ, ಕೊಳವೆಯ ತುದಿ ಅಪ್ಪನ ಮೂಗಿಗೆ. ಕರೆಂಟಿನಲ್ಲಿ ಓಡುತ್ತದೆ, ಗುರ್ ಅನ್ನುತ್ತದೆ, ಆಗಾಗ ಉಸ್ ಅಂತ ಉಸಿರು ಬಿಡುತ್ತದೆ. ಆ ಸದ್ದಿಗೆ ರಾತ್ರಿ ನಿದ್ದೆ ಬರುವುದಿಲ್ಲ ಅಂತ ಅಪ್ಪ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಹಾಕಿಕೊಳ್ಳುವುದು ಅಂತಾಯಿತು. ಮೊದಲ ದಿನ ಅಪ್ಪ ಅದನ್ನು ಸವರಿ, "ಒಳಗೆ ಇಂಥದ್ದೊಂದು ಕೊಟ್ಟಿದ್ರೆ ಇನ್ನೂ ಒಂದಷ್ಟು ಚಿನ್ನ ತೆಗೀತಿದ್ವಲ್ಲಮ್ಮಾ" ಅಂತ ನಕ್ಕ.

ತಿಂಗಳ ಕೊನೆಗೆ ಬಿಲ್ ಕೊಡುವವನು ಬಂದು ಕಾಗದ ಹರಿದು ಕೊಟ್ಟ. ನನ್ನ ನಗು ಅಲ್ಲಿಗೆ ನಿಂತಿತು. ಸರ್ಕಾರ ಕರೆಂಟು ಫ್ರೀ ಮಾಡಿದ ಮೇಲೆ ನಮ್ಮದು ಸೊನ್ನೆ ಬಿಲ್ಲು. ಹಿಂದೆ ಎಷ್ಟು ಉರಿಸುತ್ತಿದ್ದೆವೋ ಅದರ ಮೇಲೆ ಒಂದು ಚೂರು ಸೇರಿಸಿ ನಮ್ಮ ಮಿತಿ ಗೊತ್ತು ಮಾಡಿದ್ದರು. ಅದನ್ನು ಮೀರಿದರೆ ಮೀರಿದ್ದಕ್ಕೆ ದುಡ್ಡು. ಇನ್ನೂರು ಯೂನಿಟ್ ದಾಟಿದರೆ ಫ್ರೀ ಅನ್ನುವುದೇ ಇಲ್ಲ, ಪೂರ್ತಿಗೆ ದುಡ್ಡು. ನಮ್ಮದು ಇನ್ನೂರ ಮೂವತ್ತೊಂದು ಬಂದಿತ್ತು. ಇಷ್ಟು ವರ್ಷ ಒಂದೇ ಬಲ್ಬಿನಲ್ಲಿ ಬದುಕಿದ್ದಕ್ಕೆ ನಮಗೆ ಸಿಕ್ಕ ಮಿತಿಯೂ ಪುಟ್ಟದಾಗಿತ್ತು. ಹಗಲೂ ರಾತ್ರಿ ಉರಿಸಿದವರ ಮಿತಿ ಅಷ್ಟೇ ದೊಡ್ಡದು. ಇದು ಯಾವ ಊರ ನ್ಯಾಯ ಅಂತ ಬಿಲ್ ಕೊಡುವವನ ಮೇಲೆ ಹಾರಾಡಿದೆ. ಅವನೇನು ಮಾಡುತ್ತಾನೆ ಪಾಪ, ಪಕ್ಕದ ಮನೆಗೆ ಹೋದ.

ನಾನು ಬಂಗಾರಪೇಟೆಯ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಎಂಟರ ಬಸ್ಸು, ಸಂಜೆ ಐದೂವರೆಗೆ ವಾಪಸ್ಸು. ಆ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ನನ್ನ ತಲೆಯಲ್ಲಿ ಮೀಟರ್ ಓಡುತ್ತಿತ್ತು. ಇನ್ನೂರರ ಒಳಗೆ ತಂದೇ ತೀರುತ್ತೇನೆ ಅಂತ ಹಟ ಹಿಡಿದೆ. ಮನೆಯ ಮೀಟರ್ ಇರುವುದು ಬಾಗಿಲ ಹೊರಗಿನ ಗೋಡೆಯಲ್ಲಿ. ಅದರ ಪಕ್ಕದಲ್ಲಿ ಶಾಲೆಯಿಂದ ತಂದ ಸೀಮೆಸುಣ್ಣದ ಚೂರಿನಿಂದ ದಿನಾ ಬೆಳಿಗ್ಗೆ ಒಂದು ಅಂಕಿ, ಸಂಜೆ ಒಂದು ಅಂಕಿ ಬರೆಯತೊಡಗಿದೆ.

ಮೊದಲು ಇಸ್ತ್ರಿಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ. ನಮ್ಮ ಮನೆಯವರು ದಿಂಬಿನ ಕೆಳಗೆ ಮಡಿಸಿಟ್ಟ ಅಂಗಿ ಹಾಕಿಕೊಂಡು ಕಾರ್ಖಾನೆಗೆ ಹೋಗತೊಡಗಿದರು. ಆಮೇಲೆ ಫ್ರಿಜ್ಜು. ಬಾಗಿಲ ರಬ್ಬರಿನಲ್ಲಿ ಒಂದು ಕಾಗದ ಸಿಕ್ಕಿಸಿ ಎಳೆದರೆ ಸಲೀಸಾಗಿ ಬಂತು, ಅಂದರೆ ತಂಪೆಲ್ಲ ಹೊರಗೆ. ರಬ್ಬರು ಹಾಕಿಸಿದೆ, ಒಲೆಯ ಪಕ್ಕದಲ್ಲಿದ್ದ ಫ್ರಿಜ್ಜನ್ನು ಎಳೆದು ಆಚೆ ಗೋಡೆಗೆ ಹಾಕಿದೆ. ನೀರು ಕಾಯಿಸುವ ಕಾಯಿಲ್ ಬದಲು ಒಂದು ಡ್ರಮ್ಮಿಗೆ ಕಪ್ಪು ಬಣ್ಣ ಬಳಿದು ಹಿತ್ತಲ ಬಿಸಿಲಿಗೆ ಇಟ್ಟೆ. ಸಂಜೆಗೆ ಬೆಚ್ಚನೆ ನೀರು. ಬೆಳಿಗ್ಗೆ ಸ್ನಾನ ಮಾಡಿಯೇ ತೀರಬೇಕು ಅನ್ನುವವರು ತಣ್ಣೀರಿನಲ್ಲಿ ಮಾಡಲಿ ಅಂತ ಸಾರಿದೆ.

ಅಡುಗೆಮನೆಯನ್ನೂ ಬಿಡಲಿಲ್ಲ, ಕೈ ಹಾಕಿದ ಮೇಲೆ ಗ್ಯಾಸ್ ಮಾತ್ರ ಯಾಕೆ ದಂಡವಾಗಬೇಕು. ಅನ್ನ ಚೆನ್ನಾಗಿ ಕುದಿ ಬಂದ ಕೂಡಲೇ ಇಳಿಸಿ, ಹಳೆಯ ರಗ್ಗು ಸುತ್ತಿ, ಅಪ್ಪ ಗಣಿಗೆ ಸೇರಿದಾಗ ಕೊಂಡ ಟ್ರಂಕಿನೊಳಗಿಟ್ಟು ಮುಚ್ಚಿದರೆ ಅರ್ಧ ಗಂಟೆಯಲ್ಲಿ ಅದರಷ್ಟಕ್ಕೆ ಅರಳಿಕೊಳ್ಳುತ್ತಿತ್ತು. ಅನ್ನ ಸರಿಹೋಯಿತು. ಅದೇ ಉತ್ಸಾಹದಲ್ಲಿ ಮುದ್ದೆಗೂ ಇಟ್ಟೆ. ಹಿಟ್ಟು ಬೇಯುವ ಮೊದಲೇ ಒಲೆ ಆರಿಸಿ ಟ್ರಂಕಿಗೆ ಹಾಕಿದೆ. ಆ ದಿನದ ಮುದ್ದೆಯನ್ನು ಅಪ್ಪ ಬೆರಳಲ್ಲಿ ಒತ್ತಿ ನೋಡಿದ.

"ಇದ್ರಾಗೆ ಗೋಡೆ ಮೆತ್ಬೋದು ಕಣಮ್ಮಾ," ಅಂದ. ಆದರೂ ತಿಂದ.

ಸೂರಿನದ್ದು ಇನ್ನೊಂದು ರಾಮಾಯಣ. ಬೇಸಗೆಯಲ್ಲಿ ತಗಡು ಕಾದರೆ ಎರಡು ಫ್ಯಾನೂ ಸಾಲುವುದಿಲ್ಲ. ಬಿಳಿ ಬಳಿದರೆ ಬಿಸಿ ಇಳಿಯುತ್ತದೆ ಅಂತ ಎಲ್ಲೋ ಓದಿ, ಸುಣ್ಣ ಕದಡಿ, ಭಾನುವಾರ ನಾನೇ ಏಣಿ ಹತ್ತಿ ಬಳಿದೆ. ಬುಧವಾರ ಮಳೆ ಬಂತು. ಸುಣ್ಣವೆಲ್ಲ ಕರಗಿ ಪಕ್ಕದ ಮನೆಯ ಅಕ್ಕ ಹಗ್ಗದ ಮೇಲೆ ಹರವಿದ್ದ ಕೆಂಪು ಸೀರೆಯ ಮೇಲೆ ಇಳಿಯಿತು. ಆಯಮ್ಮ ತಮಿಳಲ್ಲಿ ಶುರು ಮಾಡಿ, ತೆಲುಗಿನಲ್ಲಿ ಮುಂದುವರಿಸಿ, ನನಗೆ ಚೆನ್ನಾಗಿ ಅರ್ಥವಾಗಲಿ ಅಂತ ಕನ್ನಡದಲ್ಲಿ ಮುಗಿಸಿದರು.

ಇಷ್ಟೆಲ್ಲ ಆದಮೇಲೆ ಬಂದ ಬಿಲ್ಲು ಇನ್ನೂರ ಒಂಬತ್ತು. ಒಂಬತ್ತೇ ಒಂಬತ್ತು ಯೂನಿಟ್ಟು! ನನಗೆ ಅಳು ಬಂತು. ಆ ಸಂಜೆ ಮಿಷಿನ್ನಿನದ್ದೊಂದು ಬಿಟ್ಟು ಮನೆಯ ಎಲ್ಲ ಸ್ವಿಚ್ಚೂ ಆರಿಸಿ, ಫ್ರಿಜ್ಜಿನ ಪ್ಲಗ್ಗೂ ಕಿತ್ತು, ಹೊರಗೆ ಹೋಗಿ ಮೀಟರ್ ನೋಡಿದೆ. ಕೆಂಪು ಚುಕ್ಕಿ ಪಟಪಟ ಮಿನುಗುತ್ತಲೇ ಇತ್ತು. ಒಳಗಿನಿಂದ ಮಿಷಿನ್ನಿನ ಸದ್ದು ಗುರ್ ಅಂತ ಬರುತ್ತಿತ್ತು. ಬಾಗಿಲಲ್ಲೇ ನಿಂತು, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

"ನಾವೇನ್ ಸತ್ರೂ ಅಷ್ಟೇ. ಈ ಮನೇಲಿ ಕರೆಂಟ್ ಕುಡಿಯೋದು ಇದೊಂದೇ."

ಅಪ್ಪ ಕುರ್ಚಿಯಲ್ಲಿ ಕೂತಿದ್ದ. ಮೂಗಿನ ಕೊಳವೆ ಸರಿಮಾಡಿಕೊಂಡ. "ನಾನ್ ಕುಡಿಯೋದ್ ಬಿಟ್ಟು ಎಷ್ಟ್ ವರ್ಷ ಆಗಿತ್ತು. ಈಗ ತಿರ್ಗಾ ಶುರು ಆಯ್ತು ನೋಡು," ಅಂದ. ಮೂವರೂ ನಕ್ಕೆವು. ನಾನು ಪ್ಲಗ್ಗು ಹಾಕಿ ಅಡುಗೆಗೆ ಹೋದೆ.

ಆ ವಾರವೇ ಬಂಗಾರಪೇಟೆ ಮಾರ್ಕೆಟ್ಟಿನ ಹಾರ್ಡ್‌ವೇರ್ ಅಂಗಡಿಯಿಂದ ತಗಡಿಗೆ ಅಂತಲೇ ಬರುವ ಬಿಳಿ ಪೇಂಟು ತಂದು ಎರಡು ಕೋಟು ಬಳಿಸಿದೆ. ಒಳಗಡೆ ಸೂರಿಗೆ ಥರ್ಮಾಕೋಲ್ ಹಲಗೆಗಳನ್ನು ಬಿದಿರು ದಬ್ಬೆಗೆ ಸಿಕ್ಕಿಸಿದೆವು. ಮುಂದಿನ ಬಿಲ್ಲು ಬಂದಾಗ ಕಣ್ಣುಜ್ಜಿಕೊಂಡು ನೋಡಿದೆ. ನೂರ ಇಪ್ಪತ್ತಾರು.

ಒಂದು ಪೇಂಟು, ನಾಲ್ಕು ಹಲಗೆ ಥರ್ಮಾಕೋಲ್‌ನಿಂದ ಎಂಬತ್ತಮೂರು ಯೂನಿಟ್ಟು ಇಳಿಯುವುದು ಹೇಗೆ? ಶಾಲೆಯ ಮಕ್ಕಳ ಹಾಜರಿ ಲೆಕ್ಕದಲ್ಲಿ ಒಂದು ತಪ್ಪಿದರೂ ಹಿಡಿಯುವವಳು ನಾನು. ಇದನ್ನು ಮಾತ್ರ ಕೇಳಿಕೊಳ್ಳಲಿಲ್ಲ. ಗೆದ್ದೆ ಅಂತ ಎಷ್ಟು ಬೀಗಿದೆ ಅಂದರೆ, ಬಿಲ್ಲನ್ನು ಮಡಿಸಿ ಪರ್ಸಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ತೋರಿಸಿದೆ. ಶಾಲೆಯ ಮೇಡಂಗಳು ಊಟದ ಹೊತ್ತಿಗೆ ನನ್ನ ಸುತ್ತ ಕೂತು ಕೇಳಿದರು. ಕೆಂಪು ಸೀರೆಯ ಅಕ್ಕ ಕೂಡ ಸಿಟ್ಟು ಬಿಟ್ಟು ತನ್ನ ಫ್ರಿಜ್ಜಿನ ರಬ್ಬರು ತೋರಿಸಲು ಕರೆದರು. ಭಾನುವಾರ ಬಂದರೆ ನಾನು ಲೈನಿನ ಮನೆಮನೆಗೆ ಮೂಗು ತೂರಿಸಿ ಸ್ವಿಚ್ಚು ಎಣಿಸುತ್ತಿದ್ದೆ. ದಿನಾ ಸಂಜೆ ಬಸ್ಸಿಳಿದವಳು ಚಪ್ಪಲಿ ಬಿಡುವ ಮೊದಲೇ ಮೀಟರ್ ಓದಿ, ಸೀಮೆಸುಣ್ಣದಲ್ಲಿ ಬರೆದು, ಅಪ್ಪನಿಗೆ ಕೂಗಿ ಹೇಳುತ್ತಿದ್ದೆ.

"ಅಪ್ಪಾ, ಇವತ್ತು ನಾಕೇ ಯೂನಿಟ್ಟು!"

"ಭಲೇ ಅಮ್ಮಣ್ಣಿ," ಅನ್ನುತ್ತಿದ್ದ ಅಪ್ಪ.

ಆ ದಿನಗಳಲ್ಲಿ ಅಪ್ಪ ಮೆತ್ತಗಾಗುತ್ತಿದ್ದ. ನನಗೆ ಕಾಣಲಿಲ್ಲ ಅಂದರೆ ಸುಳ್ಳು. ಮಿಷಿನ್ ಬಂದ ಹೊಸತರಲ್ಲಿ ದಿನಾ ಬೆಳಿಗ್ಗೆ ಒಂದು ಗಳಿಗೆ ಕೊಳವೆ ತೆಗೆದಿಟ್ಟು ಟೀ ಅಂಗಡಿವರೆಗೆ ಹೋಗಿಬರುತ್ತಿದ್ದವನು ಬಾಗಿಲಲ್ಲೇ ನಿಲ್ಲತೊಡಗಿದ. ಆಮೇಲೆ ಬಾಗಿಲಿಗೂ ಬರಲಿಲ್ಲ. ಮಾತು ಕಡಿಮೆಯಾಯಿತು. ಗೋಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿರುತ್ತಿದ್ದ. ವಯಸ್ಸಾಯಿತಲ್ಲ ಅಂದುಕೊಂಡೆ. ಇನ್ನೂ ನಾಚಿಕೆಯ ವಿಷಯವೆಂದರೆ, ಒಂದು ದಿನ ನಮ್ಮ ಮನೆಯವರ ಹತ್ತಿರ, "ನಮ್ಮಪ್ಪನ್ನ ನೋಡಿ ಕಲೀರಿ, ಹೇಗೆ ಅಲ್ಲಾಡದೆ ಕೂತಿರ್ತಾನೆ," ಅಂತ ಹೊಗಳಿಯೂ ಇದ್ದೆ.

ಆಷಾಢದ ಗಾಳಿ ಶುರುವಾಯಿತು. ಆ ಗಾಳಿಗೆ, ಚಿನ್ನ ತೆಗೆದು ಮಿಕ್ಕ ಕಲ್ಲಿನ ಪುಡಿಯನ್ನು ಗಣಿಯವರು ಸುರಿದ ಸೈನೈಡ್ ದಿಬ್ಬದ ಬೂದು ಮಣ್ಣು ಎದ್ದು ಲೈನಿನ ಮನೆಗಳಿಗೆಲ್ಲ ನುಗ್ಗುತ್ತದೆ. ಪಾತ್ರೆ, ಹಾಸಿಗೆ, ನಾಲಿಗೆಯ ಮೇಲೂ ಮಣ್ಣು. ಮಿಷಿನ್ನಿನ ಫಿಲ್ಟರ್ ಮುಚ್ಚಿಕೊಂಡಿತ್ತು. ಬಾಡಿಗೆ ಅಂಗಡಿಯವರಿಗೆ ಹೇಳಿದ್ದೆ, ಶನಿವಾರ ಮಧ್ಯಾಹ್ನ ನಾನು ಶಾಲೆ ಮುಗಿಸಿ ಬರುವ ಹೊತ್ತಿಗೆ ಅಂಗಡಿಯ ಮೆಕ್ಯಾನಿಕ್ಕು ಬಂದರು. ತಲೆ ನರೆತ, ನಿಧಾನದ ಮನುಷ್ಯ. ನಾವಿಬ್ಬರೂ ಒಟ್ಟಿಗೆ ಒಳಗೆ ಹೋದೆವು. ಮಿಷಿನ್ ಓಡುತ್ತಿತ್ತು, ಅಪ್ಪನ ಮೂಗಿನಲ್ಲಿ ಕೊಳವೆ ಇತ್ತು, ಎಲ್ಲ ಸರಿಯಾಗಿಯೇ ಇತ್ತು. ಮೆಕ್ಯಾನಿಕ್ಕು ಮಿಷಿನ್ ಆರಿಸಿ, ಫಿಲ್ಟರ್ ತೆಗೆದು, ಆಮೇಲೆ ನೆಲಕ್ಕೆ ಬಗ್ಗಿ ಪೆಟ್ಟಿಗೆಯ ಬುಡದಲ್ಲಿದ್ದ ಒಂದು ಸಣ್ಣ ಗಾಜಿನ ಕಿಂಡಿಯನ್ನು ಬೆರಳಲ್ಲಿ ಒರೆಸಿದರು. ಅದರಲ್ಲಿ ಅಂಕಿಗಳಿದ್ದವು. ಎಷ್ಟು ಗಂಟೆ ಓಡಿದೆ ಅಂತ ಮಿಷಿನ್ನೇ ಲೆಕ್ಕ ಇಟ್ಟಿರುತ್ತದಂತೆ. ಅಷ್ಟು ದಿನ ಮೀಟರ್ ಮೀಟರ್ ಅಂತ ಕುಣಿದವಳಿಗೆ ನಮ್ಮ ಮನೆಯೊಳಗೆ ಇನ್ನೊಂದು ಮೀಟರ್ ಇರುವುದು ಗೊತ್ತೇ ಇರಲಿಲ್ಲ.

ಮಿಷಿನ್ನಿಗೆ ಕಟ್ಟಿದ್ದ ಕಾರ್ಡಿನಲ್ಲಿ ಕಳೆದ ಸಲದ ಅಂಕಿ ನೋಡಿ, ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು.

"ಏನ್ ಮೇಡಂ, ಡಾಕ್ಟ್ರು ಟೈಮ್ ಕಮ್ಮಿ ಮಾಡವ್ರಾ?"

"ಇಲ್ವಲ್ಲ, ಅದೇ ಅದಿನಾರು ಗಂಟೆ," ಅಂದೆ.

"ಅಷ್ಟು ಓಡಿಲ್ಲ ಮೇಡಂ ಇದು. ದಿನಕ್ಕೆ ಎಂಟು ಗಂಟೆ ಬಿದ್ರೆ ಜಾಸ್ತಿ."

ನನಗೆ ರೇಗಿತು. "ನಿಮ್ ಮಿಷಿನ್ ಮೀಟ್ರು ಕೆಟ್ಟೋಗೈತೆ, ನೋಡ್ಕಳಿ," ಅಂದೆ. ಅವರು ಜೇಬಿನಿಂದ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರಿಸುವ ಕ್ಲಿಪ್ಪಿನಂಥ ಸಾಧನ ತೆಗೆದು ಅಪ್ಪನ ಬೆರಳಿಗೆ ಸಿಕ್ಕಿಸಿದರು. ತೊಂಬತ್ತರ ಮೇಲಿರಬೇಕಾದ್ದು ಎಂಬತ್ತೊಂದು ತೋರಿಸಿತು. ಆಗ ಅಪ್ಪನ ಉಗುರುಗಳನ್ನು ನೋಡಿದೆ. ನೇರಳೆ ಹಣ್ಣು ತಿಂದ ಬಾಯಿಯ ಬಣ್ಣಕ್ಕಿದ್ದವು. ಎಷ್ಟು ದಿನದಿಂದ ಹಾಗಿದ್ದವೋ.

"ಏಮಿ ಪೆದ್ದಾಯನಾ," ಅಂತ ಮೆಕ್ಯಾನಿಕ್ಕು ಹಿರಿಯರನ್ನು ಮಾತಾಡಿಸುವ ಹಾಗೆ ತೆಲುಗಿನಲ್ಲಿ ಕರೆದು ಮೆತ್ತಗೆ ಕೇಳಿದರು, "ಆಫ್ ಮಾಡ್ಕಂಡು ಕೂತಿದ್ರಾ?"

ಅಪ್ಪ ನಾನು ಕಟ್ಟಿದ ಥರ್ಮಾಕೋಲ್ ಸೂರು ನೋಡಿದ. ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖ ಅವನದ್ದು. ಆಮೇಲೆ ನನ್ನ ಕಡೆ ತಿರುಗಿದ.

"ನೀನ್ ಬಸ್ ಅತ್ತಿದ್ ಮೇಲೆ ಆರಿಸ್ತಿದ್ದೆ ಕಣಮ್ಮಾ. ಸಾಯಂಕಾಲ ಬಸ್ಸಿನ ಆರನ್ ಕೇಳ್ತಲೇ ಆಕ್ಕಂತಿದ್ದೆ."

"ಯಾಕಪ್ಪಾ? ಯಾಕ್ ಇಂಗ್ ಮಾಡ್ದೆ?"

"ಒಳಗೆ ಫ್ಯಾನ್ ನಿಂತ್ರೆ ಏನ್ ಮಾಡ್ತಿದ್ವಿ? ಕೂತ್ಕಂತಿದ್ವಿ. ಮಾತಾಡ್ಬಾರ್ದು, ಅಲ್ಲಾಡ್ಬಾರ್ದು. ನಂಗೆ ಅಭ್ಯಾಸ ಐತಲ್ಲಮ್ಮಾ." ಅಷ್ಟು ಹೇಳಿ ಉಸಿರಿಗಾಗಿ ನಿಂತ. ಆಮೇಲೆ ಅಂದ, "ಬಿಲ್ ನೋಡಿ ನೀನ್ ಎಷ್ಟು ಕುಸಿಯಾಗಿದ್ದೆ."

ಮೆಕ್ಯಾನಿಕ್ಕು ಹೊಸ ಫಿಲ್ಟರ್ ಹಾಕಿ, ಮಿಷಿನ್ ಓಡಿಸಿ, ಕೊಳವೆಯನ್ನು ಅಪ್ಪನ ಮೂಗಿಗೆ ತಾವೇ ಇಟ್ಟು, ಕಾರ್ಡಿನಲ್ಲಿ ಅಂಕಿ ಬರೆದು ಹೋದರು. ಹೋಗುವಾಗ ನನ್ನ ಮುಖ ನೋಡಲಿಲ್ಲ. ಅದು ಅವರ ದೊಡ್ಡತನ.

ಸೋಮವಾರ ಕೋಲಾರಕ್ಕೆ ಕರೆದುಕೊಂಡು ಹೋದೆವು. ಗಾಳಿ ಸಾಲದೆ ಹೃದಯದ ಮೇಲೆ ಭಾರ ಬಿದ್ದಿದೆ, ಇನ್ನು ಹದಿನಾರು ಗಂಟೆ ಸಾಲದು, ಸ್ನಾನ ಬಿಟ್ಟರೆ ಇಡೀ ದಿನ ಮಿಷಿನ್ ಇರಲೇಬೇಕು ಅಂದರು. ಕಳೆದುಕೊಂಡದ್ದು ವಾಪಸ್ಸು ಬರುತ್ತದಾ ಅಂತ ಕೇಳಿದೆ. ಡಾಕ್ಟರು ಔಷಧಿ ಬರೆಯುತ್ತ, ಇರುವುದನ್ನು ಕಾಪಾಡಿಕೊಳ್ಳೋಣ ಅಂದರು.

ಮನೆಗೆ ಬಂದವಳೇ ಒದ್ದೆ ಬಟ್ಟೆ ತೆಗೆದುಕೊಂಡು ಹೊರಗಿನ ಗೋಡೆ ಒರೆಸಿದೆ. ಒರೆಸಿದಷ್ಟೂ ಸೀಮೆಸುಣ್ಣ ಹರಡಿಕೊಂಡಿತು. ಒಂದೊಂದು ನಾಲ್ಕೂ, ಒಂದೊಂದು ಮೂರೂ ನನ್ನಪ್ಪ ಉಸಿರು ಬಿಗಿಹಿಡಿದು ಕೂತ ಹಗಲು ಅನ್ನುವುದು ಆಗ ತಲೆಗೆ ಹೋಗಿ, ಬಟ್ಟೆಯನ್ನು ಗೋಡೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ಕೆಂಪು ಸೀರೆಯ ಅಕ್ಕ ಬಂದು, ಏನು ಎತ್ತ ಅಂತ ಕೇಳದೆ, ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಮಿಕ್ಕದ್ದನ್ನು ಒರೆಸಿದರು.

ಶಾಲೆಯಲ್ಲಿ ಈಗ ನನಗೆ ಒಂದು ಕಡೆ ನಿಲ್ಲಲು ಆಗುವುದಿಲ್ಲ. ಗಂಟೆಗೊಂದು ಸಲ ಅಪ್ಪನಿಗೆ ಫೋನ್ ಮಾಡಿ, ಮಿಷಿನ್ ಹತ್ತಿರ ಫೋನ್ ಹಿಡಿ ಅನ್ನುತ್ತೇನೆ. ಗುರ್ ಅನ್ನುವುದು ಕೇಳಿದ ಮೇಲೇ ಇಡುವುದು. "ಮಿಷಿನ್ನಿಗೇ ಒಂದು ಫೋನ್ ಕೊಡ್ಸಿಬಿಡು, ನೀವಿಬ್ರೇ ಮಾತಾಡ್ಕಳಿ," ಅಂತ ಅಪ್ಪ ಹಂಗಿಸುತ್ತಾನೆ. ಸಂಜೆ ಬಂದವಳು ಮೊದಲು ನೆಲಕ್ಕೆ ಬಗ್ಗಿ ಗಾಜಿನ ಕಿಂಡಿ ಒರೆಸಿ ಗಂಟೆ ನೋಡುತ್ತೇನೆ. ಬಿಲ್ಲು ಇನ್ನೂರು ದಾಟಿ ಎಷ್ಟೋ ದೂರ ಹೋಗಿದೆ. ನಮ್ಮ ಮನೆಯವರು ವಾರಕ್ಕೆ ಮೂರು ದಿನ ಓವರ್‌ಟೈಮ್ ಮಾಡುತ್ತಾರೆ.

ಆದರೆ ಅಪ್ಪ ಬಿಡುವುದಿಲ್ಲ. ನಾನು ಚಪ್ಪಲಿ ಬಿಡುವುದನ್ನೇ ಕಾದಿದ್ದು, "ಇವತ್ತೆಷ್ಟಮ್ಮಾ?" ಅಂತ ಕೇಳುತ್ತಾನೆ. ಸಂಖ್ಯೆ ದೊಡ್ಡದಾದರೆ ಅವನ ಕೈ ಮಿಷಿನ್ನಿನ ಗುಂಡಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಈಗಲೂ ದಿನಾ ಹೊರಗೆ ನಿಂತು ಮೀಟರ್ ಓದುತ್ತೇನೆ, ನಿಜವಾಗಿ ಎಷ್ಟು ಅಂತ ನೋಡಿಕೊಂಡು, ಒಳಗೆ ಬಂದು ಬೇರೆ ಹೇಳುತ್ತೇನೆ. ಅಪ್ಪನ ಕುರ್ಚಿಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ. ಅಷ್ಟು ನಡೆಯಲು ಅಪ್ಪನಿಗೆ ಆಗಿದ್ದಿದ್ದರೆ ನನ್ನ ಸುಳ್ಳು ಒಂದು ದಿನವೂ ನಡೆಯುತ್ತಿರಲಿಲ್ಲ.

ನಿನ್ನೆಯೂ ಕೇಳಿದ. ಒಂಬತ್ತಿತ್ತು.

"ನಾಕೇ ಅಪ್ಪಾ," ಅಂದೆ.

"ಭಲೇ," ಅಂದ ಅಪ್ಪ. ಕೊಳವೆಯನ್ನು ಮೂಗಿಗೆ ಸರಿಯಾಗಿ ಒತ್ತಿಕೊಂಡು, ಎದೆ ತುಂಬ ಒಂದು ಉಸಿರು ಎಳೆದುಕೊಂಡ.